‘ಲವಂಗ ಕ್ರಾಂತಿ’: ಒಂದು ಅಡಿಟಿಪ್ಪಣಿಯ ಪ್ರಕರಣ

ಹಿನ್ನೆಲೆ

ಇದು ಒಂದು ಕನ್ನಡ ಮಾಸಪತ್ರಿಕೆಯ ಮೇಜಿನ ಮೇಲೆ ನಡೆದ ಪ್ರಕರಣ. ಪತ್ರಿಕೆಯ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ಇದರಲ್ಲಿ ಪಾಲುಗೊಂಡವರನ್ನು ಅನುವಾದಕಿ, ಹಿರಿಯರು ಎಂದಷ್ಟೇ ಕರೆಯುತ್ತೇನೆ. ಕರಡು ತಿದ್ದುವವನು ನಾನು. ಅನುವಾದಕಿ ಕರಾವಳಿಯವರು, ಸ್ವಂತ ಹಟದಿಂದ ಪೋರ್ಚುಗೀಸ್ ಕಲಿತವರು. ಹಿರಿಯರು 1961ಕ್ಕೆ ಮೊದಲು ಗೋವಾದಲ್ಲಿ ಪೋರ್ಚುಗೀಸ್ ಮಾಧ್ಯಮದ ಶಾಲೆಗೆ ಹೋಗಿ, ಆಮೇಲೆ ಘಟ್ಟದ ಕೆಳಗಿನ ನಮ್ಮ ಕಡೆ ನೆಲೆಸಿದವರು. ಮಾಡಬೇಕಿದ್ದ ಕೆಲಸ ಒಂದು ಹೂವಿನ ಹೆಸರಿಗೆ ನಾಲ್ಕು ಸಾಲಿನ ಅಡಿಟಿಪ್ಪಣಿ ಬರೆಯುವುದು. ಅದಕ್ಕೆ ಎರಡು ವಾರಕ್ಕೂ ಹೆಚ್ಚು ಹಿಡಿಯಿತು.

ಲೇಖನ ಪೋರ್ಚುಗಲ್‌ನ 1974ರ ಏಪ್ರಿಲ್ 25ರ ಕುರಿತದ್ದು. 1926ರಿಂದ 48 ವರ್ಷ ನಡೆದ ಸರ್ವಾಧಿಕಾರವನ್ನು ಕೆಳದರ್ಜೆಯ ಸೇನಾಧಿಕಾರಿಗಳು ಒಂದೇ ದಿನದಲ್ಲಿ ಉರುಳಿಸಿದರು. ಪ್ರಧಾನಿ ಮಾರ್ಸೆಲು ಕಾಯ್ತಾನು ಲಿಸ್ಬನ್ನಿನ ಕಾರ್ಮು ಠಾಣ್ಯದಲ್ಲಿ ಅಧಿಕಾರ ಬಿಟ್ಟುಕೊಟ್ಟರು. ಆ ದಿನ ಸೆಲೆಸ್ಟ್ ಕಾಯೆಯ್ರು ಎಂಬ ಹೆಂಗಸು ಕೆಲಸ ಮಾಡುತ್ತಿದ್ದ ಹೋಟೆಲಿಗೆ ಮೊದಲ ವಾರ್ಷಿಕೋತ್ಸವ. ಗಿರಾಕಿಗಳಿಗೆ ಕೊಡಲು ಹೂ ತರಿಸಿಟ್ಟಿದ್ದರು. ಊರಿನಲ್ಲಿ ಸೈನ್ಯ ಇಳಿದದ್ದರಿಂದ ಬಾಗಿಲು ತೆರೆಯಲಿಲ್ಲ. ಮಾಲೀಕರು ಹೂಗಳನ್ನು ಕೆಲಸದವರಿಗೇ ಹಂಚಿ ಮನೆಗೆ ಕಳಿಸಿದರು. ದಾರಿಯಲ್ಲಿ ಒಬ್ಬ ಸೈನಿಕ ಸೆಲೆಸ್ಟ್ ಅವರಲ್ಲಿ ಸಿಗರೇಟು ಕೇಳಿದ. ಅವರು ಸೇದುವವರಲ್ಲ. ಕೈಯಲ್ಲಿದ್ದ ಹೂ ಕೊಟ್ಟರು. ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಉಳಿದವರೂ ಹಾಗೆಯೇ ಮಾಡಿದರು, ಹೂವಿನಂಗಡಿಯವರೂ ಸೇರಿಕೊಂಡರು. ಕ್ರಾಂತಿಗೆ ಆ ಹೂವಿನ ಹೆಸರೇ ಅಂಟಿತು. ಪೋರ್ಚುಗೀಸಿನಲ್ಲಿ ಆ ಹೂವಿಗೆ ‘ಕ್ರಾವು’ ಎನ್ನುತ್ತಾರೆ.

ನಮ್ಮ ಓದುಗರಿಗೆ ಈ ಲೇಖನ ಬೇಕೆನ್ನಿಸಿದ್ದಕ್ಕೆ ಕಾರಣವಿತ್ತು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು 1961ರಲ್ಲಲ್ಲ, ಈ ಕ್ರಾಂತಿ ಮುಗಿದ ಮೇಲೆ, 1974ರ ಡಿಸೆಂಬರ್ 31ರಂದು.

ಸಮಸ್ಯೆ

ಅನುವಾದ ಬಂತು. ಶೀರ್ಷಿಕೆ ‘ಲವಂಗ ಕ್ರಾಂತಿ’. ಒಳಗೆ ‘ಸೈನಿಕರ ಬಂದೂಕಿನ ನಳಿಗೆಗಳಲ್ಲಿ ಕೆಂಪು ಲವಂಗದ ಹೂಗಳು’ ಎಂದಿತ್ತು. ನಾನು ಅದನ್ನು ಓದಿ ಒಪ್ಪಿಗೆ ಹಾಕಿ ಮುಂದಕ್ಕೆ ಕಳಿಸಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿದೆ ಎಂದೇ ಅನ್ನಿಸಿತ್ತು. ಲವಂಗವೂ ಮೊಗ್ಗು ತಾನೇ, ಅದಕ್ಕೂ ಹೂವಿರಬೇಕು ಎಂದು ಮನಸ್ಸು ತನ್ನಷ್ಟಕ್ಕೆ ಸಮಜಾಯಿಷಿ ಕೊಟ್ಟುಕೊಂಡಿತು. ತಪ್ಪು ಹಿಡಿದವನು ಪುಟ ವಿನ್ಯಾಸ ಮಾಡುವ ಹುಡುಗ. ಅವನ ಮುಂದೆ ಛಾಯಾಚಿತ್ರವಿತ್ತು. “ಸರ್, ಇದು ಮದುವೆ ಮಂಟಪಕ್ಕೆ ಕಟ್ಟುವ ಕಾರ್ನೇಶನ್ ಅಲ್ಲವೇ? ಲವಂಗ ಎಲ್ಲಿದೆ?” ಎಂದ.

ಅನುವಾದಕಿಗೆ ಫೋನ್ ಮಾಡಿದೆ. ಅವರು ಪೆಚ್ಚಾದರು. ಹಳೆಯ ಗೋವಾದ ಬರಹಗಳಿಂದ ಭಾಷೆ ಕಲಿತವರಿಗೆ ಕ್ರಾವು ಎಂದರೆ ಮೊದಲು ಹೊಳೆಯುವುದು ಲವಂಗವೇ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ 1563ರಲ್ಲಿ ಗೋವಾದಲ್ಲಿ ಅಚ್ಚು ಹಾಕಿಸಿದ ಗಿಡಮೂಲಿಕೆಗಳ ಸಂವಾದ ಗ್ರಂಥದಲ್ಲಿ ಕ್ರಾವು ಎಂಬ ಹೆಸರಿನಲ್ಲೇ ಲವಂಗಕ್ಕೆ ಒಂದು ಅಧ್ಯಾಯವಿದೆ. ಬ್ರೆಜಿಲ್‌ನಲ್ಲಿ ಇಂದಿಗೂ ಲವಂಗಕ್ಕೆ ‘ಭಾರತದ ಕ್ರಾವು’ ಎಂಬ ಹೆಸರಿದೆ. ಅದು ಬೆಳೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ, ಪೋರ್ಚುಗೀಸರು ಅಲ್ಲಿಗೆ ತಲುಪಿದ್ದು 1512ರಲ್ಲಿ. ಆ ಹೆಸರಿನಲ್ಲಿ ನಮ್ಮ ದೇಶ ಹೇಗೆ ಸೇರಿಕೊಂಡಿತೆಂದರೆ, ಪೂರ್ವದಿಂದ ಬಂದದ್ದೆಲ್ಲ ಆಗ ಅವರಿಗೆ ಇಂಡಿಯಾದ ಸರಕೇ. ಅದೇ ಪದಕ್ಕೆ ಕಾರ್ನೇಶನ್ ಹೂವು ಎಂಬ ಅರ್ಥವೂ ಇದೆ, ಮೊಳೆ ಎಂಬ ಅರ್ಥವೂ ಇದೆ, ಮುಖದ ಮೇಲಿನ ಬ್ಲ್ಯಾಕ್‌ಹೆಡ್ ಎಂಬ ಕಪ್ಪು ಚುಕ್ಕೆಗೂ ಅದೇ ಹೆಸರು. ಇಂಥ ಪದ ಎದುರಾದಾಗ ನಿಘಂಟು ಕೈಹಿಡಿಯುವುದಿಲ್ಲ, ಬೇಕಾದ ಕಡೆಗೆಲ್ಲ ಬೆರಳು ತೋರಿಸಿ ಸುಮ್ಮನಾಗುತ್ತದೆ.

‘ಲವಂಗ’ವನ್ನು ‘ಕಾರ್ನೇಶನ್’ ಎಂದು ತಿದ್ದಿ ಕೈ ತೊಳೆದುಕೊಂಡಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಒಂದೇ ಪದಕ್ಕೆ ಮೊಳೆ, ಲವಂಗ, ಹೂವು ಎಂಬ ಅರ್ಥಗಳಿರುವುದು ಸ್ವಾರಸ್ಯವೆನಿಸಿ, ಅಡಿಟಿಪ್ಪಣಿ ಕೊಡೋಣ ಎಂದೆ. ಆ ನಿರ್ಧಾರ ಸರಿಯಾಗಿತ್ತು. ಟಿಪ್ಪಣಿಯನ್ನು ನಾನೇ ಬರೆಯುತ್ತೇನೆ ಎಂದದ್ದು ತಪ್ಪು.

ಮಾಡಿ ನೋಡಿದ್ದು

ನನ್ನ ಮೊದಲ ಟಿಪ್ಪಣಿ ಹೀಗಿತ್ತು: ‘ಈ ಹೂವಿನ ಹೆಸರು ಮಾಂಸ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ, ಹೂವಿನ ಬಣ್ಣ ಇದಕ್ಕೆ ಕಾರಣ.’ ಇಂಗ್ಲಿಷಿನ ಕಾರ್ನೇಶನ್ ಪದದ ಬಗ್ಗೆ ಎಲ್ಲೋ ಓದಿದ್ದನ್ನು ಹಾಗೆಯೇ ಎತ್ತಿ ಪೋರ್ಚುಗೀಸ್ ಹೆಸರಿನ ಕೆಳಗೆ ಅಂಟಿಸಿದ್ದೆ. ಇಂಗ್ಲಿಷಿನಲ್ಲೂ ಆ ವ್ಯುತ್ಪತ್ತಿ ಇತ್ಯರ್ಥವಾಗಿಲ್ಲ, ಪಟ್ಟಾಭಿಷೇಕ ಎಂಬ ಅರ್ಥದ ಪದದಿಂದ ಬಂತು ಎನ್ನುವವರೂ ಇದ್ದಾರೆ. ನಾನು ಅದನ್ನು ನೋಡುವ ಗೋಜಿಗೂ ಹೋಗಿರಲಿಲ್ಲ. ಅದೃಷ್ಟಕ್ಕೆ ಅನುವಾದಕಿ ಕರಡನ್ನು ಹಿರಿಯರಿಗೆ ತೋರಿಸೋಣ ಎಂದರು.

ಹಿರಿಯರು ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಕಳಿಸಿದರು: ‘ಇಂಗ್ಲಿಷಿನವನ ಜಾತಕ ಪೋರ್ಚುಗೀಸಿನವನಿಗೆ ಬರೆದಿದ್ದೀರಿ. ಕ್ರಾವು ಬಂದದ್ದು ಲ್ಯಾಟಿನ್ನಿನ ಕ್ಲಾವುಸ್‌ನಿಂದ. ಮೊಳೆ. ಆದರೆ ಬೀಗದ ಕೈಯ ಕ್ಲಾವಿಸ್ ನಮ್ಮಲ್ಲಿ ಶಾವ್ ಆಗಿದೆ. ಹಾಗಾದರೆ ಇದೇಕೆ ಶಾವು ಆಗಲಿಲ್ಲ? ಇದನ್ನು ಹೇಳದೆ ಟಿಪ್ಪಣಿ ಬರೆಯಬೇಡಿ.’ ಲ್ಯಾಟಿನ್ನಿನ ಮಾಂಸದ ಪದ ಪೋರ್ಚುಗೀಸಿನಲ್ಲಿ ಹೂವಿನ ಹೆಸರಿಗಲ್ಲ, ಬಣ್ಣದ ಹೆಸರಿಗೆ ಸೇರಿಕೊಂಡಿದೆ. ಅಲ್ಲಿ ಕೆಂಪಿಗೆ ‘ಎಂಕಾರ್ನಾದು’ ಎಂದೂ ಹೇಳುತ್ತಾರೆ ಎಂದು ಇನ್ನೊಂದು ಸಾಲು. ಅಂದರೆ ನಾನು ಹೂವಿನ ಬಣ್ಣದ ಕತೆಯನ್ನು ಹೂವಿನ ಹೆಸರಿಗೆ ಹೇಳಿದ್ದೆ.

ಅನುವಾದಕಿ ಲ್ಯಾಟಿನ್ ನಿಘಂಟು ತೆಗೆದರು. ಕ್ಲಾವುಸ್ ಎಂದರೆ ಮೊಳೆ, ದೋಣಿಯ ಚುಕ್ಕಾಣಿಯ ಹಿಡಿ, ರೋಮಿನ ಸೆನೆಟರರ ಅಂಗಿಯ ಮೇಲಿನ ಅಗಲವಾದ ಕೆನ್ನೇರಳೆ ಪಟ್ಟಿ, ಕಾಲಿನ ಆಣಿ. ಕೆನ್ನೇರಳೆ ಪಟ್ಟಿ ಕಂಡೊಡನೆ ಅವರು ಹಿಗ್ಗಿದರು. ಕೆಂಪು ಹೂವಿಗೆ ರಾಜಠೀವಿಯ ಪಟ್ಟಿಯಿಂದ ಹೆಸರು ಬಂದಿರಬೇಕು ಎಂದು ಅರ್ಧ ಪುಟ ಬರೆದರು. ಓದಲು ಬಹಳ ಚಂದವಿತ್ತು. ಪಟ್ಟಿಯಿಂದ ಹೂವಿಗೆ ಹೋಗುವ ಒಂದೇ ಒಂದು ಮೆಟ್ಟಿಲು ಮಾತ್ರ ಅದರಲ್ಲಿರಲಿಲ್ಲ. ಮೇಲಾಗಿ ಕಾರ್ನೇಶನ್ ಬಿಳಿ, ಗುಲಾಬಿ ಬಣ್ಣಗಳಲ್ಲೂ ಅರಳುತ್ತದೆ. ಅರ್ಧ ಪುಟವೂ ಕಸದ ಬುಟ್ಟಿ ಸೇರಿತು. ನನಗೆ ಅದರಲ್ಲಿ ಹಿಡಿಸಿದ್ದು ಕಾಲಿನ ಆಣಿ. ಕನ್ನಡದಲ್ಲೂ ಆಣಿ ಎಂದರೆ ಮೊಳೆ. ಅಂಗಾಲಿನಲ್ಲಿ ಗಟ್ಟಿಯಾಗಿ ಒಳಕ್ಕೆ ಚುಚ್ಚುವ ಕಾಲಾಣಿಯೂ ಆಣಿಯೇ. ರೋಮಿಗೂ ನಮಗೂ ಭಾಷೆಯ ನಂಟಿಲ್ಲ, ನೋವು ಮಾತ್ರ ಒಂದೇ ಬಗೆಯದು.

ಹಿರಿಯರ ಪ್ರಶ್ನೆ ಹಾಗೆಯೇ ಉಳಿದಿತ್ತು. ಪೋರ್ಚುಗೀಸ್ ಕಲಿಯುವವರು ಬೇಗ ಗಮನಿಸುವ ಒಂದು ವಾಡಿಕೆ ಇದೆ. ಲ್ಯಾಟಿನ್ ಪದದ ಮೊದಲಲ್ಲಿ ಕ್ಲ, ಪ್ಲ, ಫ್ಲ ಇದ್ದರೆ ಅದು ಪೋರ್ಚುಗೀಸಿನಲ್ಲಿ ಚಕಾರವಾಗುತ್ತದೆ. ಇಂದಿನ ಲಿಸ್ಬನ್ ಉಚ್ಚಾರಣೆಯಲ್ಲಿ ಅದು ಶಕಾರ. ಮಳೆಯ ಪ್ಲುವಿಯಾ ಶುವ ಆಯಿತು, ಉರಿಯ ಫ್ಲಾಮ್ಮ ಶಾಮ ಆಯಿತು, ಕರೆಯುವ ಕ್ಲಾಮಾರೆ ಶಮಾರ್ ಆಯಿತು. ಬೀಗದ ಕೈ ಎಂಬ ಅರ್ಥದ ಕ್ಲಾವಿಸ್ ಶಾವ್ ಆಯಿತು. ಈ ಲೆಕ್ಕದಲ್ಲಿ ಕ್ಲಾವುಸ್ ಕೂಡ ಅದೇ ದಾರಿ ಹಿಡಿಯಬೇಕಿತ್ತು.

ಅನುವಾದಕಿ ಕೂತು ಪಟ್ಟಿ ಮಾಡಿದರು. ಹುಡುಕಿದಷ್ಟೂ ಇನ್ನೊಂದು ಗುಂಪು ಬೆಳೆಯಿತು. ಅದರಲ್ಲಿ ಲಕಾರ ರಕಾರವಾಗಿದೆ, ಅದಕ್ಕೆ ಮೊದಲಿನ ವ್ಯಂಜನ ಹಾಗೆಯೇ ಉಳಿದಿದೆ. ದುರ್ಬಲ ಎಂಬ ಫ್ಲಾಕ್ಕುಸ್ ಫ್ರಾಕು ಆಗಿದೆ, ಸುಖಪಡಿಸುವ ಪ್ಲಾಕೆರೆ ಪ್ರಜೇರ್ ಆಗಿದೆ. ಧನ್ಯವಾದಕ್ಕೆ ಅವರು ಹೇಳುವ ಒಬ್ರಿಗಾದು ಕೂಡ ಲ್ಯಾಟಿನ್ನಿನ ಒಬ್ಲಿಗಾರೆಯ ಲಕಾರ ಕಳೆದುಕೊಂಡದ್ದೇ. ಕ್ಲಾವುಸ್ ಈ ಗುಂಪಿನದು. ಭಾಷಾಶಾಸ್ತ್ರಜ್ಞರು ಇವನ್ನು ಎರಡು ಪದರಗಳೆನ್ನುತ್ತಾರೆ. ಜನರ ಬಾಯಲ್ಲಿ ಎಡೆಬಿಡದೆ ಸವೆದ ಪದಗಳು ಚಕಾರಕ್ಕೆ ಹೋದವು. ಸ್ವಲ್ಪ ತಡವಾಗಿಯೋ ಲ್ಯಾಟಿನ್ ಬಲ್ಲವರ ನೆರಳಲ್ಲಿಯೋ ಬಂದವು ರಕಾರದಲ್ಲಿ ನಿಂತವು. ಒಂದೇ ಲ್ಯಾಟಿನ್ ಪದ ಎರಡು ದಾರಿಯಲ್ಲೂ ಬಂದದ್ದುಂಟು: ‘ಕ್ಲಾವಿಕುಲ’ದಿಂದ ಗಾಡಿಯ ನೊಗಕ್ಕೆ ತೂರಿಸುವ ಗೂಟ ‘ಶಾವೇಲ್ಯ’, ಅದರಿಂದಲೇ ಗಿಟಾರಿನ ತಂತಿ ಬಿಗಿಯುವ ಕಿವಿ ‘ಕ್ರಾವೇಲ್ಯ’.

ಇಷ್ಟನ್ನು ನನಗೆ ಒಪ್ಪಿಸುವಾಗ ಅನುವಾದಕಿ ಮಾತನ್ನು ನಡುವೆ ನಿಲ್ಲಿಸಿ ನಕ್ಕರು. “ಸರ್, ಇವೆರಡೂ ನಮ್ಮ ಮನೆಯಲ್ಲೇ ಇವೆಯಲ್ಲ. ಚಾವಿ, ಇಗರ್ಜಿ.”

ಪ್ರಕರಣದ ಮೊದಲ ತಿರುವು ಇದು. ಗೋಡೆ ಗಡಿಯಾರಕ್ಕೆ ಕೊಡುವ ಚಾವಿ, ಉತ್ತರ ಕರ್ನಾಟಕದವರ ಬೀಗದ ಚಾವಿ, ಎರಡೂ ಪೋರ್ಚುಗೀಸರ ಶಾವ್‌ನಿಂದಲೇ ಬಂದವು. ಅವರು ನಮ್ಮ ಕರಾವಳಿಗೆ ಬಂದಾಗ ಅದನ್ನು ಚಕಾರದಿಂದಲೇ ಉಚ್ಚರಿಸುತ್ತಿದ್ದರು. ಲಿಸ್ಬನ್ನಿನಲ್ಲಿ ಆಮೇಲೆ ಶಕಾರವಾಯಿತು, ನಮ್ಮ ಬಾಯಲ್ಲಿ ಆ ಹಳೆಯ ಚಕಾರ ಉಳಿಯಿತು. ಇನ್ನು ದಕ್ಷಿಣ ಕನ್ನಡದವರು ಚರ್ಚಿಗೆ ಹೇಳುವ ಇಗರ್ಜಿ ಪೋರ್ಚುಗೀಸಿನ ‘ಇಗ್ರೆಜ’. ಅದರ ಮೂಲ ಲ್ಯಾಟಿನ್ನಿನ ‘ಎಕ್ಲೇಸಿಯ’. ಅಲ್ಲಿ ಕ್ಲ ಹೋಗಿ ಗ್ರ ಆಗಿದೆ, ಲಕಾರ ರಕಾರಕ್ಕೆ ತಿರುಗಿದೆ. ಕ್ರಾವುವಿನದೂ ಇದೇ ಜಾಡು. ಗಂಟೆಗಟ್ಟಲೆ ವ್ಯಾಕರಣ ತಿರುವಿ ಹಾಕಿದ್ದನ್ನು ಕನ್ನಡ ಓದುಗರಿಗೆ ಎರಡು ಪದಗಳಲ್ಲಿ ತೋರಿಸಬಹುದಿತ್ತು.

ಹಿರಿಯರು ಒಪ್ಪಿದರು, ಆದರೆ ಬಿಡಲಿಲ್ಲ. “ಪದ ಹೇಗೆ ಬಂತೆಂದು ಹೇಳಿದಿರಿ. ಹೂವಿಗೆ ಆ ಹೆಸರು ಹೇಗೆ ಬಂತೆಂದು ಹೇಳಲಿಲ್ಲ. ರೋಮಿನವನು ಈ ಹೂವನ್ನು ನೋಡಿ ಕ್ಲಾವುಸ್ ಅಂದಿದ್ದನೇನಮ್ಮ?” ಎಂದು ಅನುವಾದಕಿಯನ್ನು ಕೇಳಿದರು.

ನಿಘಂಟಿನಲ್ಲಿ ಹೂವಿನ ಅರ್ಥ ಇರಲೇ ಇಲ್ಲ. ನಾವಿಬ್ಬರೂ ಅದನ್ನು ಕಣ್ಣಾರೆ ನೋಡಿದ್ದೆವು, ಆದರೂ ‘ಈ ಹೂವಿನ ಹೆಸರಿನ ಲ್ಯಾಟಿನ್ ಮೂಲ’ ಎಂದು ಟಿಪ್ಪಣಿಗೆ ತಲೆಬರಹ ಕೊಟ್ಟಿದ್ದೆವು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಇಲ್ಲ ಎಂದು ಈಗ ಅನ್ನಿಸುತ್ತದೆ. ಶಬ್ದದ ವಂಶಾವಳಿ ಸಿಕ್ಕಿದೊಡನೆ ಹೆಸರಿನ ಕತೆಯೂ ಸಿಕ್ಕಿತೆಂದು ತಿಳಿದಿದ್ದೆವು.

ಮೊಳೆಗೂ ಹೂವಿಗೂ ನಡುವೆ ಲವಂಗವಿದೆ ಎಂಬ ಊಹೆ ಇಬ್ಬರಿಗೂ ಇತ್ತು. ಪುರಾವೆ ಬೇಕಿತ್ತು. ಅನುವಾದಕಿ ಪೇಟೆಯಿಂದ ನಾಲ್ಕು ಕೆಂಪು ಕಾರ್ನೇಶನ್ ತಂದರು. ಮೂಗಿಗೆ ಹಿಡಿದರು, ನನ್ನ ಮೂಗಿಗೂ ಹಿಡಿಸಿದರು. ಲವಂಗದ ವಾಸನೆ ಎಳ್ಳಷ್ಟೂ ಇಲ್ಲ. ಶೀತಲ ಪೆಟ್ಟಿಗೆಯ ತಣ್ಣನೆಯ ಎಲೆ ವಾಸನೆ ಮಾತ್ರ. ಒಂದು ದಿನ ಪೂರ್ತಿ ಆ ಊಹೆಯನ್ನೇ ಕೈಬಿಡುವ ಯೋಚನೆಯಲ್ಲಿದ್ದೆವು. ಆಮೇಲೆ ತಿಳಿಯಿತು: ಇಂದಿನ ಪಾಲಿಹೌಸ್ ತಳಿಗಳನ್ನು ಹೆಚ್ಚು ದಿನ ಬಾಡದಿರಲೆಂದು ಆಯ್ದು ಬೆಳೆಸಿದ್ದಾರೆ, ಆ ಭರದಲ್ಲಿ ಎಷ್ಟೋ ತಳಿಗಳ ಪರಿಮಳ ಹೋಗಿದೆ. ಹಳೆಯ ತೋಟದ ತಳಿಗಳಿಗೆ ಲವಂಗದ ಘಾಟಿನ ಸುವಾಸನೆ ಇದೆ. ಅದಕ್ಕೆ ಕಾರಣ ಯೂಜೆನಾಲ್. ಲವಂಗದ ಎಣ್ಣೆಯ ಬಹುಪಾಲೂ ಅದೇ, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಎಣ್ಣೆಯ ಆ ವಾಸನೆ. ಐದಾರು ಶತಮಾನದ ಹಿಂದೆ ಹೆಸರಿಟ್ಟವರ ಮೂಗಿಗೆ ಬಡಿದದ್ದನ್ನು ನಾವು ಈಗಿನ ಹೂವಿನಲ್ಲಿ ಹುಡುಕುತ್ತಿದ್ದೆವು.

ತಂದ ಹೂ ವ್ಯರ್ಥವಾಗಲಿಲ್ಲ. ಅರಳದ ಒಂದು ಮೊಗ್ಗು ಅದರಲ್ಲಿತ್ತು. ಅನುವಾದಕಿ ಅದನ್ನು ಮುರಿದು ಮೇಜಿನ ಮೇಲೆ ಒಂದು ಲವಂಗದ ಪಕ್ಕದಲ್ಲಿಟ್ಟರು. ಉದ್ದನೆಯ ಹಸಿರು ಕೊಳವೆ, ತುದಿಯಲ್ಲಿ ಹಲ್ಲು ಹಲ್ಲಾದ ಅಂಚು, ಅದರೊಳಗಿಂದ ಇಣುಕುವ ಕೆಂಪು ಗಂಟು. ಅಳತೆ ಬಿಟ್ಟರೆ ಅದು ಲವಂಗದ್ದೇ ಅಚ್ಚು, ಎರಡೂ ತಲೆಯಿರುವ ಮೊಳೆಗಳೇ. ಆ ಸಂಜೆ ಅವರು ಬೀಡಾ ಅಂಗಡಿಯ ಮುಂದೆ ನಿಂತು ನನಗೆ ಫೋನ್ ಮಾಡಿದರು. ಅಂಗಡಿಯವನು ವೀಳ್ಯದೆಲೆ ಮಡಿಚಿ, ಬಿಚ್ಚಿಕೊಳ್ಳದಂತೆ ಒಂದು ಲವಂಗ ಚುಚ್ಚಿ ಅವರ ಕೈಗೆ ಕೊಟ್ಟಿದ್ದನಂತೆ. “ಸರ್, ಇವನು ಲವಂಗ ಹಾಕಲಿಲ್ಲ, ಮೊಳೆ ಹೊಡೆದ” ಎಂದರು.

ಕೊನೆಯ ಪುರಾವೆ ಪೋರ್ಚುಗೀಸಿನ ಹೊರಗೆ ಸಿಕ್ಕಿತು. ಪರ್ಶಿಯನ್ನಿನಲ್ಲಿ ಮೊಳೆಗೆ ಮೀಖ್. ‘ಮೀಖಕ್’, ಅಂದರೆ ಪುಟ್ಟ ಮೊಳೆ, ಲವಂಗಕ್ಕೂ ಹೆಸರು, ಕಾರ್ನೇಶನ್ನಿಗೂ ಹೆಸರು. ಜರ್ಮನ್ನಿನ ‘ನೆಲ್ಕ’ ಕೂಡ ಪುಟ್ಟ ಮೊಳೆ ಎಂಬ ಹಳೆಯ ಪದದಿಂದಲೇ ಬಂದದ್ದು, ಅದೂ ಮೊದಲು ಲವಂಗ, ಆಮೇಲೆ ಹೂವು. ಕ್ಯಾಟಲನ್ನಿನ ‘ಕ್ಲಾವೆಲ್ಯ್’ ಲವಂಗದಿಂದ ಹೂವಿಗೆ ದಾಟಿ, ಅಲ್ಲಿಂದ ಸ್ಪ್ಯಾನಿಷ್‌ನ ‘ಕ್ಲಾವೆಲ್’ ಆಯಿತು. ಮೀಖಕ್‌ನಲ್ಲಿ ಲ್ಯಾಟಿನ್ನಿನ ಒಂದಕ್ಷರವೂ ಇಲ್ಲ. ಆದರೂ ಮೊಳೆ, ಲವಂಗ, ಹೂವು ಎಂಬ ನಡಿಗೆ ಅಲ್ಲೂ ಅದೇ. ಅಂದ ಮೇಲೆ ಹೂವಿಗೆ ಹೆಸರಿಟ್ಟದ್ದು ಲ್ಯಾಟಿನ್ ಅಲ್ಲ, ಸಂಬಾರ ಪದಾರ್ಥ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಹೆಸರಿಡುವಾಗ ಕಾರ್ನೇಶನ್ನಿಗೆ ‘ಡಯಾಂಥಸ್ ಕ್ಯಾರಿಯೊಫಿಲಸ್’ ಎಂದೂ ಲವಂಗಕ್ಕೆ ‘ಕ್ಯಾರಿಯೊಫಿಲಸ್ ಅರೊಮ್ಯಾಟಿಕಸ್’ ಎಂದೂ ಇಟ್ಟ. ಗಿಡ ನೋಡಿದರೆ ಒಂದು ಮೊಣಕಾಲೆತ್ತರದ್ದು, ಇನ್ನೊಂದು ಮರ. ಕುಲಕ್ಕೂ ಗೋತ್ರಕ್ಕೂ ಸಂಬಂಧವಿಲ್ಲ. ಆ ಹೆಸರೂ ರೋಮನರಿಗೆ ಗೊತ್ತಿತ್ತು, ಆದರೆ ಹೂವಿಗಲ್ಲ: ರೋಮನ್ ಲೇಖಕ ಪ್ಲಿನಿ ಕ್ಯಾರಿಯೊಫಿಲಾನ್ ಎಂದು ವರ್ಣಿಸಿದ್ದು ಭಾರತದ ಕಡೆಯ, ಮೆಣಸಿನ ಕಾಳನ್ನು ಹೋಲುವ, ಅದಕ್ಕಿಂತ ದೊಡ್ಡದಾದ, ಬೇಗ ಮುರಿಯುವ ಒಂದು ಪದಾರ್ಥವನ್ನು.

ಆದದ್ದು

ಅಚ್ಚಾದ ಟಿಪ್ಪಣಿ ಇದು: ‘ಕ್ರಾವು: ಕಾರ್ನೇಶನ್ನಿಗೆ ಪೋರ್ಚುಗೀಸ್ ಹೆಸರು. ಮೊಳೆ ಎಂಬ ಅರ್ಥದ ಲ್ಯಾಟಿನ್ ಕ್ಲಾವುಸ್ ಇದರ ಮೂಲ. ಎಕ್ಲೇಸಿಯ ಇಗರ್ಜಿ ಆದಾಗ ಆದಂತೆ ಇಲ್ಲೂ ಲಕಾರ ರಕಾರವಾಗಿದೆ. ಮೊಳೆಯಂತೆ ಕಾಣುವ ಲವಂಗಕ್ಕೆ ಆ ಹೆಸರು ಬಂದು, ರೂಪದಲ್ಲೂ ಕಂಪಿನಲ್ಲೂ ಲವಂಗವನ್ನು ನೆನಪಿಸುವ ಈ ಹೂವಿಗೆ ಅದರಿಂದ ದಾಟಿತು. ರೋಮನರು ಹೂವನ್ನು ಹೀಗೆ ಕರೆದಿರಲಿಲ್ಲ.’

ಶೀರ್ಷಿಕೆ ‘ಕಾರ್ನೇಶನ್ ಕ್ರಾಂತಿ’ ಎಂದಾಯಿತು. ಅನುವಾದಕಿಗೆ ಈಗಲೂ ಇದರ ಬಗ್ಗೆ ಅಸಮಾಧಾನವಿದೆ. ಪೋರ್ಚುಗೀಸಿನವನಿಗೆ ಕ್ರಾವು ಎಂದೊಡನೆ ಅಡುಗೆಮನೆಯ ಡಬ್ಬಿಯೂ ಕುದುರೆಯ ಲಾಳದ ಮೊಳೆಯೂ ಎಲ್ಲೋ ಹಿಂದೆ ಮಿಣುಕುತ್ತವೆ, ನಮ್ಮ ಕಾರ್ನೇಶನ್ ಎಂಬ ಪದದಲ್ಲಿ ಅಂಥದ್ದೇನೂ ಇಲ್ಲ, ಅದು ಬರೀ ಮಂಟಪದ ಅಲಂಕಾರ ಎನ್ನುತ್ತಾರೆ. ಅವರು ಹೇಳುವುದು ನಿಜ. ಹಾಗೆಂದು ಲವಂಗವನ್ನು ಬಂದೂಕಿಗೆ ಸಿಕ್ಕಿಸುವುದು ನನ್ನಿಂದಾಗದು. ಚಾವಿಯ ಮಾತು ಟಿಪ್ಪಣಿಯಲ್ಲಿ ಬರಬೇಕೆಂಬುದು ಅವರ ಇನ್ನೊಂದು ಹಟವಾಗಿತ್ತು, ಜಾಗವಿಲ್ಲವೆಂದು ತೆಗೆದೆ. ಆ ಒಂದು ವಾಕ್ಯ ತೆಗೆದದ್ದಕ್ಕೆ ನನಗೂ ಬೇಸರವಿದೆ.

ಇದರಿಂದ ಬದಲಾದದ್ದು

ನಮ್ಮ ಮೇಜಿನ ಮೇಲೆ ಎರಡು ರೂಢಿಗಳು ಬಂದಿವೆ. ಹೂವು, ಹಕ್ಕಿ, ಮೀನು, ಮರದ ಹೆಸರು ಬಂದರೆ ಕರಡಿನ ಜೊತೆ ಅನುವಾದಕರು ಚಿತ್ರವನ್ನೂ ಕಳಿಸಬೇಕು. ವಿನ್ಯಾಸದ ಹುಡುಗನ ಕಣ್ಣಿಗೆ ಬೀಳುವವರೆಗೆ ಕಾಯುವಂತಿಲ್ಲ. ವ್ಯುತ್ಪತ್ತಿ ಬರೆಯುವಾಗ ‘ಈ ಪದ ಎಲ್ಲಿಂದ ಬಂತು’ ಎಂಬುದನ್ನೂ ‘ಈ ವಸ್ತುವಿಗೆ ಆ ಹೆಸರನ್ನು ಯಾಕಿಟ್ಟರು’ ಎಂಬುದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಎರಡನೆಯ ಸಾಲು ಖಾಲಿ ಉಳಿದರೆ ಮೊದಲನೆಯದು ಸಾಲದೆಂದೇ ಅರ್ಥ. ಹಿರಿಯರ ಆ ಎರಡನೆಯ ಪ್ರಶ್ನೆ ಬಾರದಿದ್ದರೆ ನಾವು ಅರ್ಧ ಸತ್ಯವನ್ನು ಪಾಂಡಿತ್ಯದ ಠೀವಿಯಲ್ಲಿ ಅಚ್ಚು ಹಾಕುತ್ತಿದ್ದೆವು, ಯಾರೂ ಕೇಳುತ್ತಲೂ ಇರಲಿಲ್ಲ.

ಕಳೆದ ತಿಂಗಳು ಅನುವಾದಕಿ ಬ್ರೆಜಿಲ್‌ನ ಒಂದು ಕತೆ ಹಿಡಿದಿದ್ದರು. ಅದರಲ್ಲಿ ಸಮಾಧಿಯ ಸುತ್ತ ‘ಕ್ರಾವು ಜಿ ದೆಫುಂತು’, ಅಂದರೆ ಸತ್ತವರ ಕ್ರಾವು, ಅರಳಿತ್ತು. ಈ ಬಾರಿ ಕರಡಿಗಿಂತ ಮೊದಲು ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಆಯುಧಪೂಜೆಯ ದಿನ ಬಸ್ಸಿನ ಮೂತಿಗೆ ಕಟ್ಟಿದ ಹಳದಿ ಹಾರ. ಕೆಳಗೆ ಅವರ ಒಂದು ಸಾಲು: ‘ಲವಂಗವೂ ಅಲ್ಲ, ಕಾರ್ನೇಶನ್ನೂ ಅಲ್ಲ ಸರ್. ಚೆಂಡುಹೂ.’